ಹೊಸಕೋಟೆಯಿಂದ ಹಾನ್ಲೆಗೆ: ಮೋಡ ಯಾವುದು, ಹಿಮ ಯಾವುದು?

ಭಾರತದ ನಕ್ಷೆಯೊಂದನ್ನು ನೆಲದ ಮೇಲೆ ಹರಡಿ, ಹೊಸಕೋಟೆಯ ಮೇಲೆ ಬೆರಳಿಡಿ. ಅಲ್ಲಿಂದ ನೇರ ಉತ್ತರಕ್ಕೆ ಬೆರಳು ಎಳೆಯುತ್ತಾ ಹೋಗಿ. ಕೃಷ್ಣೆ, ಗೋದಾವರಿ, ನರ್ಮದೆಯರನ್ನು ದಾಟಿ, ಆಗ್ರಾ, ಡೆಹ್ರಾಡೂನುಗಳ ಹತ್ತಿರ ಹಾದು, ಹಿಮಾಲಯ ಹತ್ತಿ ಇಳಿದರೆ ಬೆರಳು ಲಡಾಖಿಗೆ ಬಂದು ನಿಲ್ಲುತ್ತದೆ. ಅಲ್ಲಿಂದ ಚೂರೇ ಚೂರು ಬಲಕ್ಕೆ ಸರಿದರೆ ಹಾನ್ಲೆ ಎಂಬ ಹಳ್ಳಿ. ನೇರ ಗೆರೆ ಎಳೆದು ಅಳೆದರೆ ಹೊಸಕೋಟೆಗೂ ಹಾನ್ಲೆಗೂ ಸುಮಾರು 2,200 ಕಿಲೋಮೀಟರ್ ದೂರ.

ಒಂದು ಕಡೆ ರಾಗಿ, ಹಿಪ್ಪುನೇರಳೆ, ದೊಡ್ಡ ಕೆರೆ, ಬೆಳಗಿನ ಜಾವಕ್ಕೇ ಬಿರಿಯಾನಿಗೆ ಸಾಲು ನಿಲ್ಲುವ ಜನ. ಇನ್ನೊಂದು ಕಡೆ ಮರವಿಲ್ಲದ ಬೋಳು ಬೆಟ್ಟ, ಪಶ್ಮಿನಾ ಮೇಕೆ ಮೇಯಿಸುವ ಚಾಂಗ್‌ಪಾ ಜನ, 17ನೇ ಶತಮಾನದ ಒಂದು ಬೌದ್ಧ ಮಠ. ಹಾನ್ಲೆಯ ಬೆಟ್ಟದ ಎತ್ತರ ಸುಮಾರು 4,500 ಮೀಟರ್. ನಮ್ಮ ನಂದಿಬೆಟ್ಟದ ಎತ್ತರ 1,478 ಮೀಟರ್. ಅಂದರೆ ಮೂರು ನಂದಿಬೆಟ್ಟಗಳನ್ನು ಒಂದರ ಮೇಲೊಂದು ಇಟ್ಟರೂ ಹಾನ್ಲೆಗೆ ತುಸು ಕಡಿಮೆಯೇ. ಚಳಿಗಾಲದ ರಾತ್ರಿ ಅಲ್ಲಿ ಸೊನ್ನೆಗಿಂತ 25 ಡಿಗ್ರಿ ಕೆಳಗೆ ಇಳಿಯುವುದು ಅಪರೂಪವೇನಲ್ಲ.

ಇಂಥ ಎರಡು ಊರುಗಳಿಗೆ ಏನು ನಂಟು ಎನ್ನುತ್ತೀರಾ? 2001ರಿಂದಲೂ ಈ ಎರಡಕ್ಕೂ ಕಣ್ಣಿಗೆ ಕಾಣದ ಒಂದು ದಾರ ಕಟ್ಟಿದೆ. ಹಾನ್ಲೆಯ ಬೆಟ್ಟದ ತುದಿಯಲ್ಲಿ ಎರಡು ಮೀಟರ್ ಅಗಲದ ಕನ್ನಡಿಯಿರುವ ದೂರದರ್ಶಕವಿದೆ. ಅದನ್ನು ರಾತ್ರಿ ಹೊತ್ತು ಅತ್ತಿತ್ತ ತಿರುಗಿಸಿ, ಬೇಕಾದ ನಕ್ಷತ್ರಕ್ಕೆ ಗುರಿಯಿಟ್ಟು, ಚಿತ್ರ ತೆಗೆಯುವವರು ಕೂರುವುದು ಹೊಸಕೋಟೆಯಲ್ಲಿ!

ಎರಡು ಕಾಲಂನ ನೋಟ್‌ಬುಕ್

ಈ ವಿಷಯದ ಬೆನ್ನು ಹತ್ತಲು ನನಗೊಂದು ಕಾರಣವಿತ್ತು. ನಮ್ಮ ಮನೆ ದೇವನಹಳ್ಳಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ. ಹಿತ್ತಲಲ್ಲಿ ಎರಡು ಚಕ್ಕೋತದ ಗಿಡ, ತಲೆಯ ಮೇಲೆ ಗಳಿಗೆಗೊಂದು ವಿಮಾನ. ಮೂವತ್ತು ವರ್ಷ ಶಾಲೆಯಲ್ಲಿ ಭೂಗೋಳ ಪಾಠ ಮಾಡಿ ನಿವೃತ್ತಳಾದವಳು ನಾನು. ನನ್ನ ಮಗ ಸೇನೆಯಲ್ಲಿದ್ದಾನೆ. ಎರಡು ಚಳಿಗಾಲ ಅವನು ಲಡಾಖಿನಲ್ಲಿ ಕಳೆದ. ಎಲ್ಲಿ ಎಂದು ಅವನು ಹೇಳುವಂತಿರಲಿಲ್ಲ. ನಾವು ಕೇಳುತ್ತಲೂ ಇರಲಿಲ್ಲ. ಆಗ ಏಳನೇ ತರಗತಿಯಲ್ಲಿದ್ದ ಮೊಮ್ಮಗಳು ಮಾತ್ರ ದಿನವೂ ಒಂದೇ ಪ್ರಶ್ನೆ ಕೇಳುತ್ತಿದ್ದಳು.

"ಅಜ್ಜಿ, ಅಪ್ಪ ಇರೋ ಕಡೆ ಇವತ್ತು ಹಿಮ ಬೀಳ್ತಾ ಇದ್ಯಾ?"

"ಉಪಗ್ರಹದ ಚಿತ್ರ ನೋಡೋಣ ಬಾ" ಎಂದು ಒಂದು ದಿನ ಕಂಪ್ಯೂಟರಿನ ಮುಂದೆ ಕೂರಿಸಿದೆ. ಹವಾಮಾನ ಇಲಾಖೆಯ ಜಾಲತಾಣದಲ್ಲಿ ಇಡೀ ಭಾರತದ ಚಿತ್ರ ತೆರೆದುಕೊಂಡಿತು. ಲಡಾಖಿನ ಮೇಲೆ ಬರೀ ಬಿಳಿ.

"ಅದು ಮೋಡಾನಾ, ಹಿಮಾನಾ?" ಎಂದಳು.

ಒಳ್ಳೆಯ ಪ್ರಶ್ನೆ. ನಮ್ಮ ಭಾಷೆಯಲ್ಲೇ ನೋಡಿ, ಬೆಳಗಿನ ಜಾವ ಹೊಲದ ಮೇಲೆ ಕವಿಯುವುದೂ ಮಂಜು, ಹಿಮಾಲಯದಲ್ಲಿ ಬೀಳುವುದೂ ಮಂಜು. ಮಾತಿನಲ್ಲಿ ಒಂದಾಗಿರುವ ಇವೆರಡು ಆಕಾಶದಿಂದ ತೆಗೆದ ಚಿತ್ರದಲ್ಲೂ ಒಂದೇ ಬಿಳಿಯಾಗಿ ಕಾಣುತ್ತವೆ.

ಅಂದೇ ಒಂದು ನೋಟ್‌ಬುಕ್ ತೆರೆದೆವು. ಎಡಗಡೆ ಕಾಲಂಗೆ 'ಚಿತ್ರ ಹೇಳಿದ್ದು' ಎಂದು ಹೆಸರು. ಬಲಗಡೆಯದಕ್ಕೆ 'ಅಪ್ಪ ಹೇಳಿದ್ದು'. ಎಡಗಡೆ ದಿನವೂ ತುಂಬುತ್ತಿತ್ತು. ಬಲಗಡೆ ತುಂಬುವುದು ಫೋನ್ ಬಂದ ದಿನ ಮಾತ್ರ.

ಶಿಡ್ಲಘಟ್ಟ ರಸ್ತೆಯ ಆವರಣ

ಹೊಸಕೋಟೆಯ ಶಿಡ್ಲಘಟ್ಟ ರಸ್ತೆಯಲ್ಲಿ ಭಾರತೀಯ ಖಭೌತ ಸಂಸ್ಥೆಯ ಒಂದು ಆವರಣವಿದೆ. ಸಂಸ್ಥೆಯ ಮುಖ್ಯ ಕಚೇರಿ ಬೆಂಗಳೂರಿನ ಕೋರಮಂಗಲದಲ್ಲಿ. ಹೊಸಕೋಟೆಯದಕ್ಕೆ 'ಕ್ರೆಸ್ಟ್' ಎಂದು ಹೆಸರು. ಮೊದಲೇ ಅನುಮತಿ ಪಡೆದು, ಮಕ್ಕಳ ಒಂದು ಗುಂಪಿನ ಜೊತೆ ನಾವಿಬ್ಬರೂ ಅಲ್ಲಿಗೆ ಹೋದೆವು. ದೇವನಹಳ್ಳಿಯಿಂದ ಸೂಲಿಬೆಲೆ ಮಾರ್ಗ. ದಾರಿಯುದ್ದಕ್ಕೂ ದ್ರಾಕ್ಷಿ ಚಪ್ಪರ, ಹಿಪ್ಪುನೇರಳೆ ತೋಟ, ನಡುನಡುವೆ ಹೊಸ ಬಡಾವಣೆಗಳ ಬೋರ್ಡುಗಳು.

ದೂರದರ್ಶಕವನ್ನು ನೋಡುವ ಆಸೆಯಿಂದ ಬಂದ ಮಕ್ಕಳಿಗೆ ಮೊದಲು ನಿರಾಸೆಯೇ. ಇಲ್ಲಿ ದೊಡ್ಡ ಗುಮ್ಮಟವಿಲ್ಲ, ಕನ್ನಡಿಯಿಲ್ಲ. ಕಂಪ್ಯೂಟರ್ ಪರದೆಗಳಿರುವ ಒಂದು ಕೋಣೆ. ಆದರೆ ಆ ಪರದೆಗಳ ಆಚೆ ಇರುವುದು ಹಾನ್ಲೆ ಎಂದು ತಿಳಿದ ಮೇಲೆ ಎಲ್ಲರೂ ಗಪ್‌ಚಿಪ್.

ಆ ದೂರದರ್ಶಕಕ್ಕೆ ನೊಬೆಲ್ ಪಡೆದ ವಿಜ್ಞಾನಿ ಸುಬ್ರಹ್ಮಣ್ಯನ್ ಚಂದ್ರಶೇಖರ್ ಅವರ ನೆನಪಿನಲ್ಲಿ 'ಹಿಮಾಲಯನ್ ಚಂದ್ರ ದೂರದರ್ಶಕ' ಎಂದು ಹೆಸರಿಟ್ಟಿದ್ದಾರೆ. ಅದು ಮೊದಲ ಬಾರಿಗೆ ನಕ್ಷತ್ರದ ಬೆಳಕು ಹಿಡಿದದ್ದು 2000ದ ಸೆಪ್ಟೆಂಬರಿನಲ್ಲಿ. ಮರುವರ್ಷವೇ ಹೊಸಕೋಟೆಯಿಂದ ಅದನ್ನು ನಡೆಸುವ ಉಪಗ್ರಹ ಸಂಪರ್ಕ ಆರಂಭವಾಯಿತು. ಇಲ್ಲಿಂದ ಕೊಟ್ಟ ಆಜ್ಞೆ ಭೂಮಿಯಿಂದ 36,000 ಕಿಲೋಮೀಟರ್ ಮೇಲಿರುವ ಸಂವಹನ ಉಪಗ್ರಹಕ್ಕೆ ಏರಿ, ಅಲ್ಲಿಂದ ಅಷ್ಟೇ ದೂರ ಇಳಿದು ಹಾನ್ಲೆ ಮುಟ್ಟುತ್ತದೆ. 2,200 ಕಿಲೋಮೀಟರ್ ಆಚೆಯ ಊರಿಗೆ 72,000 ಕಿಲೋಮೀಟರ್ ಸುತ್ತು ದಾರಿ! ಆದರೂ ಬೇಕಾಗುವ ಸಮಯ ಸುಮಾರು ಕಾಲು ಸೆಕೆಂಡ್. 'ಹೋಗು' ಎಂದು ಹೇಳಿ, 'ಬಂದೆ' ಎಂಬ ಉತ್ತರ ಕೇಳಲು ಅರ್ಧ ಸೆಕೆಂಡ್.

ಹೀಗೇಕೆ ಮಾಡಬೇಕಿತ್ತು, ವಿಜ್ಞಾನಿಗಳೇ ಅಲ್ಲಿಗೆ ಹೋಗಬಾರದೇ ಎಂದು ಒಬ್ಬ ಹುಡುಗ ಕೇಳಿದ. ಹಾನ್ಲೆಯ ಎತ್ತರದಲ್ಲಿ ಗಾಳಿ ತೆಳು. ಒಂದು ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರಮಟ್ಟದಲ್ಲಿ ಸಿಗುವುದರ ನೂರಕ್ಕೆ ಸುಮಾರು ಅರವತ್ತು ಪಾಲು. ಕೆಳಗಿನಿಂದ ಹೋದವರು ಮೈ ಒಗ್ಗಿಸಿಕೊಳ್ಳಲು ದಿನಗಳು ಬೇಕು. ಅಲ್ಲೇ ಇದ್ದು ಯಂತ್ರಗಳನ್ನು ನೋಡಿಕೊಳ್ಳುವ ಎಂಜಿನಿಯರುಗಳಿದ್ದಾರೆ. ಅವರಲ್ಲಿ ಲಡಾಖಿನವರೇ ಆದ ಉಸ್ತುವಾರಿ ಎಂಜಿನಿಯರ್ ದೋರ್ಜೆ ಆಂಗ್‌ಚುಕ್ ಅವರ ಆಕಾಶದ ಛಾಯಾಚಿತ್ರಗಳನ್ನು ನಿಮ್ಮಲ್ಲಿ ಕೆಲವರು ನೋಡಿರಬಹುದು. ಅಲ್ಲಿರುವವರು ಯಂತ್ರವನ್ನು ಕಾಯುತ್ತಾರೆ, ಇಲ್ಲಿರುವವರು ನಕ್ಷತ್ರವನ್ನು ನೋಡುತ್ತಾರೆ.

ಇನ್ನೊಂದು ಸೋಜಿಗವಿದೆ. ಅಕ್ಟೋಬರ್, ನವೆಂಬರಿನಲ್ಲಿ ಹಿಂಗಾರು ಮಳೆ ನಮ್ಮ ಹೊಸಕೋಟೆಯ ಮೇಲೆ ಸುರಿಯುತ್ತಿರುವಾಗ ಹಾನ್ಲೆಯಲ್ಲಿ ಆಕಾಶ ತಿಳಿಯಾಗಿರುತ್ತದೆ. ಹೊರಗೆ ಕೊಡೆ ಹಿಡಿದು ನಡೆಯಬೇಕಾದ ರಾತ್ರಿಯಲ್ಲೂ ಒಳಗೆ ಕೂತವರು ನಕ್ಷತ್ರಗಳ ಚಿತ್ರ ತೆಗೆಯುತ್ತಿರುತ್ತಾರೆ. ಇದೇ ಆವರಣದ ಇನ್ನೊಂದು ಕಟ್ಟಡದಲ್ಲಿ, ಎಂ.ಜಿ.ಕೆ. ಮೆನನ್ ಪ್ರಯೋಗಾಲಯದಲ್ಲಿ, 2023ರಲ್ಲಿ ಸೂರ್ಯನತ್ತ ಹೊರಟ ಆದಿತ್ಯ-ಎಲ್1 ನೌಕೆಯ ಮುಖ್ಯ ಉಪಕರಣವನ್ನು ಜೋಡಿಸಿದ್ದು ಎಂದು ತಿಳಿದು ಮಕ್ಕಳು ಕಣ್ಣರಳಿಸಿದರು.

ಹಾನ್ಲೆಯನ್ನೇ ಏಕೆ ಆರಿಸಿದರು? 1990ರ ದಶಕದ ಆರಂಭದಲ್ಲಿ ವಿಜ್ಞಾನಿಗಳು ಜಾಗ ಹುಡುಕಲು ಹೊರಟಾಗ ಮೊದಲು ಹರಡಿಕೊಂಡಿದ್ದು ಹಿಮಾಲಯದ ಭೂಪಟಗಳನ್ನು, ಹವಾಮಾನದ ಲೆಕ್ಕಗಳನ್ನು ಮತ್ತು ಉಪಗ್ರಹದ ಚಿತ್ರಗಳನ್ನು. ಯಾವ ಬೆಟ್ಟದ ಮೇಲೆ ಮೋಡ ಕಡಿಮೆ ಎಂದು ಹೀಗೆ ಮೇಲಿನಿಂದ ನೋಡಿ, ಕೆಲವೇ ಜಾಗಗಳನ್ನು ಗುರುತು ಹಾಕಿಕೊಂಡು, ಆಮೇಲೆ ಬೆಟ್ಟ ಹತ್ತಿ ಕಣ್ಣಾರೆ ಪರೀಕ್ಷಿಸಿದರು. 2021ರಲ್ಲಿ ಇದೇ ಸಂಸ್ಥೆಯವರು ಮತ್ತು ಅವರ ಸಹೋದ್ಯೋಗಿಗಳು 41 ವರ್ಷಗಳ ಮಾಹಿತಿಯನ್ನೂ ಉಪಗ್ರಹಗಳ ದಾಖಲೆಯನ್ನೂ ಸೇರಿಸಿ, ಎಂಟು ಎತ್ತರದ ವೀಕ್ಷಣಾಲಯಗಳ ರಾತ್ರಿಯ ಮೋಡವನ್ನು ಲೆಕ್ಕ ಹಾಕಿದರು. ಹಾನ್ಲೆ ಜಗತ್ತಿನ ಒಳ್ಳೆಯ ತಾಣಗಳ ಸಾಲಿನಲ್ಲಿ ನಿಂತಿತು.

ಹಾಸನದ ಹಿಡಿತದಲ್ಲಿರುವ ಕಣ್ಣು

ಈಗ ಚಿತ್ರ ತೆಗೆಯುವ ಉಪಗ್ರಹದ ಕಡೆ ಬರೋಣ. ಜಗತ್ತಿನ ಮೊದಲ ಹವಾಮಾನ ಉಪಗ್ರಹ ಟೈರೋಸ್-1 ಮೇಲೇರಿದ್ದು 1960ರ ಏಪ್ರಿಲ್ 1ರಂದು. ನಮ್ಮ ಇನ್ಸಾಟ್-1ಬಿ 1983ರ ಆಗಸ್ಟಿನಲ್ಲಿ ಹೋಯಿತು. ದೂರದರ್ಶನದ ವಾರ್ತೆಯ ಕೊನೆಗೆ ಮೋಡಗಳ ಕಪ್ಪು ಬಿಳುಪು ಚಿತ್ರ ತೋರಿಸುತ್ತಿದ್ದದ್ದು ನನ್ನ ವಯಸ್ಸಿನವರಿಗೆಲ್ಲ ನೆನಪಿರಬೇಕು. ಅದರ ಮೊಮ್ಮಕ್ಕಳೇ ಈಗಿನ ಇನ್ಸಾಟ್-3ಡಿಆರ್ (2016) ಮತ್ತು ಇನ್ಸಾಟ್-3ಡಿಎಸ್ (2024).

ಇವು ಸಮಭಾಜಕ ವೃತ್ತದ ಮೇಲೆ 36,000 ಕಿಲೋಮೀಟರ್ ಎತ್ತರದಲ್ಲಿ ಭೂಮಿಯ ಜೊತೆಜೊತೆಗೇ ಸುತ್ತುತ್ತವೆ. ಆದ್ದರಿಂದ ನಮಗೆ ಒಂದೇ ಜಾಗದಲ್ಲಿ ತೂಗುಹಾಕಿದಂತೆ ಕಾಣುತ್ತವೆ. ಅರ್ಧ ಗಂಟೆಗೊಂದು ಚಿತ್ರ ಕಳಿಸುತ್ತವೆ. ಅವು ಅತ್ತಿತ್ತ ಸರಿಯದಂತೆ ನೋಡಿಕೊಳ್ಳುವ ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರ ಇರುವುದು ನಮ್ಮ ಹಾಸನದಲ್ಲಿ, 1982ರಿಂದ. ಅಲ್ಲಿಗೆ ಲೆಕ್ಕ ಹೀಗಾಯಿತು: ಲಡಾಖಿನ ಮೋಡ ನೋಡುವ ಉಪಗ್ರಹದ ಲಗಾಮು ಹಾಸನದಲ್ಲಿ, ಲಡಾಖಿನ ನಕ್ಷತ್ರ ನೋಡುವ ದೂರದರ್ಶಕದ ಲಗಾಮು ಹೊಸಕೋಟೆಯಲ್ಲಿ.

ಈ ಉಪಗ್ರಹದ ಕ್ಯಾಮೆರಾಗೆ ಆರು ಬಗೆಯ ಕಣ್ಣುಗಳಿವೆ. ಒಂದು ನಮ್ಮ ಕಣ್ಣಿನಂತೆ ಬಿಸಿಲಿನ ಬೆಳಕು ನೋಡುತ್ತದೆ. ಉಳಿದವು ನಮಗೆ ಕಾಣದ ಅವಕೆಂಪು ಕಿರಣಗಳನ್ನು ನೋಡುತ್ತವೆ. ಅವುಗಳಲ್ಲಿ ಒಂದು ಗಾಳಿಯಲ್ಲಿರುವ ನೀರಾವಿಯನ್ನೇ ಗುರುತಿಸುತ್ತದೆ.

ಬಿಳಿಯಲ್ಲಿ ಬಿಳಿ ಹುಡುಕುವ ಮೂರು ಉಪಾಯ

ಮೊಮ್ಮಗಳ ಪ್ರಶ್ನೆಗೆ ಉತ್ತರ ಹುಡುಕುತ್ತಾ ನಾವು ಮೂರು ಉಪಾಯ ಕಲಿತೆವು. ನೀವೂ ಮಾಡಿ ನೋಡಬಹುದು.

ಮೊದಲನೆಯದು, ಕಾದು ನೋಡುವುದು. ಬೆಳಗಿನ ಎಂಟರಿಂದ ಮಧ್ಯಾಹ್ನದವರೆಗಿನ ಚಿತ್ರಗಳನ್ನು ಒಂದರ ಹಿಂದೊಂದು ತಿರುವಿ. ಸರಿದು ಹೋದದ್ದು ಮೋಡ. ಅಲ್ಲೇ ಕೂತದ್ದು ಹಿಮ. ಇಷ್ಟು ಸುಲಭದ ಉಪಾಯ ಇನ್ನೊಂದಿಲ್ಲ.

ಎರಡನೆಯದು, ಅಂಚನ್ನು ನೋಡುವುದು. ಅರಳಿ ಎಲೆಯನ್ನು ಬೆಳಕಿಗೆ ಹಿಡಿದರೆ ನರಗಳು ಹೇಗೆ ಕವಲೊಡೆದು ಕಾಣುತ್ತವೋ, ಹಿಮ ಬಿದ್ದ ಬೆಟ್ಟಸಾಲು ಹಾಗೆ ಕಾಣುತ್ತದೆ. ಏಣು ಬಿಳಿ, ಕಣಿವೆ ಕಪ್ಪು. ಹಿಮ ನೆಲದ ಆಕಾರವನ್ನು ಅನುಸರಿಸುತ್ತದೆ. ಮೋಡಕ್ಕೆ ಆ ಹಂಗಿಲ್ಲ. ಹಿಂಜಿದ ಹತ್ತಿಯಂತೆ ಬೆಟ್ಟ, ಕಣಿವೆ ಎರಡನ್ನೂ ಮುಚ್ಚಿಬಿಡುತ್ತದೆ.

ಮೂರನೆಯದು ವಿಜ್ಞಾನಿಗಳ ಉಪಾಯ. ಆರು ಕಣ್ಣುಗಳಲ್ಲಿ ಒಂದು 1.6 ಮೈಕ್ರಾನ್ ಸುಮಾರಿನ ಅವಕೆಂಪು ಬೆಳಕನ್ನು ನೋಡುತ್ತದೆ. ಹಿಮದ ಹರಳುಗಳು ಈ ಬೆಳಕನ್ನು ಹೀರಿಕೊಳ್ಳುತ್ತವೆ. ಮೋಡದ ನೀರಿನ ಹನಿಗಳು ಹಿಂದಕ್ಕೆ ಚೆಲ್ಲುತ್ತವೆ. ಹಾಗಾಗಿ ಈ ಚಿತ್ರದಲ್ಲಿ ಹಿಮ ಕಪ್ಪು, ಮೋಡ ಬಿಳಿ! ಎರಡೂ ಬಗೆಯ ಚಿತ್ರಗಳನ್ನು ಬೆರೆಸಿ ಬಣ್ಣ ತುಂಬಿದರೆ ಹಿಮ ಕೆಂಪಗೆ, ಮೋಡ ಬೆಳ್ಳಗೆ ಬೇರೆಬೇರೆಯಾಗಿ ನಿಲ್ಲುತ್ತವೆ. ತೀರಾ ಎತ್ತರದಲ್ಲಿ ತೇಲುವ ಮೋಡಗಳು ಮಾತ್ರ ತಾವೂ ಮಂಜುಗಡ್ಡೆಯ ಹರಳುಗಳೇ ಆಗಿರುವುದರಿಂದ ಇಲ್ಲೂ ಕಣ್ಣು ತಪ್ಪಿಸುತ್ತವೆ. ಅವುಗಳಿಗೆ ಮತ್ತೆ ಮೊದಲನೆಯ ಉಪಾಯವೇ ಗತಿ.

ಒಂದು ತಿಂಗಳಲ್ಲಿ ಮೊಮ್ಮಗಳು ಪಳಗಿದಳು. ಮೆಡಿಟರೇನಿಯನ್ ಸಮುದ್ರದ ಕಡೆಯಿಂದ ಹೊರಟು ಇರಾನ್, ಅಫ್ಘಾನಿಸ್ತಾನ ದಾಟಿ ಬರುವ ಮೋಡದ ಅಲೆಗಳಿಗೆ ಪಶ್ಚಿಮದ ಪ್ರಕ್ಷುಬ್ಧತೆ ಎಂದು ಹೆಸರು. ಪಂಜಾಬಿನ ಗೋಧಿಗೆ ಚಳಿಗಾಲದ ಮಳೆ ತರುವವೂ ಅವೇ, ಲಡಾಖಿಗೆ ಹಿಮ ತರುವವೂ ಅವೇ. ಬೇಸಿಗೆಯಲ್ಲಿ ಆ ಹಿಮ ಕರಗಿ ಹಾನ್ಲೆ ನದಿಯ ಮೂಲಕ ಸಿಂಧೂ ನದಿ ಸೇರುತ್ತದೆ. ಇರಾನಿನ ಮೇಲೆ ಬಿಳಿ ಬಾಲ ಕಂಡರೆ ಸಾಕು, "ಅಜ್ಜಿ, ಅಪ್ಪಂಗೆ ಎರಡು ಮೂರು ದಿನದಲ್ಲಿ ಹಿಮ" ಎಂದು ಎಡಗಡೆ ಕಾಲಂನಲ್ಲಿ ಬರೆದುಬಿಡುತ್ತಿದ್ದಳು. ಬಲಗಡೆ ಕಾಲಂ ಕೆಲವೊಮ್ಮೆ ಒಪ್ಪುತ್ತಿತ್ತು. ಕೆಲವೊಮ್ಮೆ ಮಗ ನಗುತ್ತಿದ್ದ: "ಇಲ್ಲಮ್ಮ, ಇಲ್ಲಿ ಒಳ್ಳೇ ಬಿಸಿಲು ಕಣಮ್ಮ. ಆದ್ರೆ ಬಕೆಟ್ ನೀರು ಮಾತ್ರ ಕಲ್ಲಾಗೈತೆ."

ದೇವನಹಳ್ಳಿಯ ಮಂಜು, ಹಾನ್ಲೆಯ ರಾತ್ರಿ

ಹಗಲಿನ ಕಥೆ ಇದಾಯಿತು. ರಾತ್ರಿ ಬಿಸಿಲಿಲ್ಲ. ಆಗ ಉಪಗ್ರಹ ಶಾಖವನ್ನು ನೋಡುತ್ತದೆ. ಪ್ರತಿಯೊಂದು ವಸ್ತುವೂ ತನ್ನ ಬಿಸಿಗೆ ತಕ್ಕಂತೆ ಅವಕೆಂಪು ಕಿರಣ ಹೊರಸೂಸುತ್ತದೆ. ನಮ್ಮ ಕಡೆ ರಾತ್ರಿಯೂ ನೆಲ ಬೆಚ್ಚಗೆ, ಎತ್ತರದ ಮೋಡ ತಣ್ಣಗೆ. ಆದ್ದರಿಂದ ಮೋಡ ಎದ್ದು ಕಾಣುತ್ತದೆ. ಲಡಾಖಿನ ಜನವರಿಯಲ್ಲಿ ಹಾಗಲ್ಲ. ನೆಲವೇ ಮೋಡದಷ್ಟು ತಣ್ಣಗಿರುತ್ತದೆ. ತಣ್ಣನೆಯ ನೆಲದ ಮೇಲೆ ತಣ್ಣನೆಯ ಮೋಡ ಕೂತರೆ ಚಿತ್ರದಲ್ಲಿ ವ್ಯತ್ಯಾಸವೇ ಇಲ್ಲ.

ಇದೇ ತೊಡಕು ನಮ್ಮ ಮನೆ ಬಾಗಿಲಲ್ಲೂ ಇದೆ. ಡಿಸೆಂಬರ್, ಜನವರಿಯ ಬೆಳಗಿನ ಜಾವ ದೇವನಹಳ್ಳಿಯ ಸುತ್ತ ದಟ್ಟ ಮಂಜು ಕವಿಯುತ್ತದೆ. ಹತ್ತು ಮಾರು ಆಚೆಯ ಹುಣಸೆಮರ ಕಾಣುವುದಿಲ್ಲ. ವಿಮಾನಗಳು ಹೊರಡಲಾಗದೆ ಸಾಲುಗಟ್ಟುತ್ತವೆ. ಆದರೆ ರಾತ್ರಿಯ ಶಾಖದ ಚಿತ್ರದಲ್ಲಿ ಈ ಮಂಜು ಬಹುಮಟ್ಟಿಗೆ ಮಾಯ. ನೆಲಕ್ಕೆ ಅಂಟಿಕೊಂಡಿರುವ ಮಂಜು ನೆಲದಷ್ಟೇ ತಣ್ಣಗಿರುತ್ತದೆಯಲ್ಲ! ಇಲ್ಲಿ ವಿಜ್ಞಾನಿಗಳು ಎರಡು ಕಣ್ಣುಗಳನ್ನು ಹೋಲಿಸುತ್ತಾರೆ. ಮಂಜಿನ ಸಣ್ಣ ಹನಿಗಳು ಒಂದು ಬಗೆಯ ಅವಕೆಂಪಿನಲ್ಲಿ ತುಸು ಮಂಕಾಗಿ ಕಾಣುತ್ತವೆ, ಇನ್ನೊಂದರಲ್ಲಿ ಹಾಗಲ್ಲ. ಒಂದು ಚಿತ್ರದಿಂದ ಇನ್ನೊಂದನ್ನು ಕಳೆದರೆ, ಕಾಣದಿದ್ದ ಮಂಜು ಮೇಲೆದ್ದು ಬರುತ್ತದೆ. ನಾಲ್ಕನೇ ತರಗತಿಯ ವ್ಯವಕಲನ ಇಲ್ಲಿ ಉಪಯೋಗಕ್ಕೆ ಬಂತು ನೋಡಿ.

ಹೊಸಕೋಟೆಯಲ್ಲಿ ಕೂತವರಿಗೆ ಈ ತೊಡಕು ಚಿಕ್ಕದಲ್ಲ. ದೂರದರ್ಶಕದ ಗುಮ್ಮಟ ತೆರೆದಿರುವಾಗ ಹಿಮ ಬಿದ್ದರೆ ಕನ್ನಡಿಗೆ ಆಪತ್ತು. ಹೆದರಿ ಮುಚ್ಚಿಯೇ ಇಟ್ಟರೆ ವರ್ಷಗಟ್ಟಲೆ ಕಾದ ವಿಜ್ಞಾನಿಯ ಒಂದು ರಾತ್ರಿ ವ್ಯರ್ಥ. ಆದ್ದರಿಂದ ಉಪಗ್ರಹದ ಚಿತ್ರ ಒಂದನ್ನೇ ನಂಬಿ ಕೂರುವುದಿಲ್ಲ. ಹಾನ್ಲೆಯಲ್ಲಿ ಗಾಳಿಯ ವೇಗ, ತೇವ, ಚಳಿ ಅಳೆಯುವ ಯಂತ್ರಗಳಿವೆ. ಇಡೀ ಆಕಾಶವನ್ನು ಒಂದೇ ಬಟ್ಟಲಿನಲ್ಲಿ ಹಿಡಿದಂತೆ ಚಿತ್ರ ತೆಗೆಯುವ ಕ್ಯಾಮೆರಾ ಇದೆ; ಎಲ್ಲಿ ನಕ್ಷತ್ರ ಮರೆಯಾಯಿತೋ ಅಲ್ಲಿ ಮೋಡ. ಎಲ್ಲಕ್ಕಿಂತ ಮಿಗಿಲಾಗಿ, ಬಾಗಿಲು ತೆರೆದು ತಲೆಯೆತ್ತಿ ನೋಡುವ ಮನುಷ್ಯರಿದ್ದಾರೆ. ಅಲ್ಲಿಗೂ ನಮ್ಮ ನೋಟ್‌ಬುಕ್ಕಿನಂತೆ ಎರಡು ಕಾಲಂ ಬೇಕೇ ಬೇಕು ಎಂದಾಯಿತು.

ಚಿತ್ರ ಹೇಳದ ಸಂಗತಿ

ಎರಡನೇ ಚಳಿಗಾಲದ ಫೆಬ್ರುವರಿಯಲ್ಲಿ ಒಂದು ದೊಡ್ಡ ಅಲೆ ಬಂತು. ಮೂರು ದಿನ ಲಡಾಖ್ ಬರೀ ಬಿಳಿ. ಮಗನ ಫೋನ್ ಇಲ್ಲ. ನಾಲ್ಕನೆಯ ದಿನ ಮೋಡ ಸರಿಯಿತು; ಕೆಳಗಿನ ಬಿಳಿ ಹಾಗೇ ಉಳಿಯಿತು. ಅರಳಿ ಎಲೆಯ ನರಗಳು ಎಂದೂ ಇಲ್ಲದಷ್ಟು ದಟ್ಟವಾಗಿದ್ದವು. ಮೊಮ್ಮಗಳು ಎಡಗಡೆ 'ಮೋಡ ಹೋಯಿತು, ಹಿಮ ಇದೆ' ಎಂದು ಬರೆದು, ಬಲಗಡೆ ಖಾಲಿ ಬಿಟ್ಟಳು. ಐದನೆಯ ದಿನವೂ ಖಾಲಿ.

ನನಗೆ ಆಗ ನೆನಪಾದದ್ದನ್ನು ಅವಳಿಗೆ ಹೇಳಲಿಲ್ಲ. ನಿಮಗೂ ನೆನಪಿರುತ್ತದೆ. 2016ರ ಫೆಬ್ರುವರಿ 3ರಂದು ಸಿಯಾಚಿನ್‌ನಲ್ಲಿ, ಸುಮಾರು 19,600 ಅಡಿ ಎತ್ತರದ ಠಾಣೆಯ ಮೇಲೆ ಹಿಮ ಕುಸಿದು ಮದ್ರಾಸ್ ರೆಜಿಮೆಂಟಿನ ಹತ್ತು ಮಂದಿ ಹೂತುಹೋದರು. ಧಾರವಾಡ ಜಿಲ್ಲೆಯ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಆರು ದಿನಗಳ ಮೇಲೆ ಜೀವಂತವಾಗಿ ಸಿಕ್ಕರು. ಇಡೀ ನಾಡು ಅವರಿಗಾಗಿ ಕೈಮುಗಿದು ಕೂತಿತ್ತು. ಫೆಬ್ರುವರಿ 11ರಂದು ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ಅವರು ತೀರಿಕೊಂಡರು. ಆ ಹತ್ತು ಜನರಲ್ಲಿ ಹಾಸನ, ಮೈಸೂರು ಜಿಲ್ಲೆಗಳ ಮಕ್ಕಳೂ ಇದ್ದರು.

ಹವಾಮಾನ ಉಪಗ್ರಹದ ಶಾಖದ ಚಿತ್ರದಲ್ಲಿ ಒಂದು ಚುಕ್ಕೆ ಎಂದರೆ ನೆಲದ ಮೇಲೆ ನಾಲ್ಕು ಕಿಲೋಮೀಟರ್ ಅಗಲ. ಒಂದು ಠಾಣೆ, ಅದರ ಡೇರೆಗಳು, ಅದರ ಹತ್ತು ಜನ, ಎಲ್ಲರೂ ಒಂದೇ ಚುಕ್ಕೆಯ ಮೂಲೆಯಲ್ಲಿ ಅಡಗಿಹೋಗುತ್ತಾರೆ. ಹೊಸ ಹಿಮ ಎಷ್ಟು ವಿಸ್ತಾರಕ್ಕೆ ಬಿತ್ತು, ಮುಂದಿನ ಮೋಡ ಎಂದು ಬರುತ್ತದೆ ಎಂದು ಚಿತ್ರ ಹೇಳಬಲ್ಲದು. ಆ ಲೆಕ್ಕದಿಂದ ಹಿಮಕುಸಿತದ ಎಚ್ಚರಿಕೆ ಕೊಡುವವರಿಗೆ ಸಹಾಯವೂ ಆಗುತ್ತದೆ. ಹೂತವರನ್ನು ಹುಡುಕಿದ್ದು ಮಾತ್ರ ನೆಲದ ಮೇಲೆ ನಿಂತು ಹಿಮ ಕೊರೆದ ಸೈನಿಕರು ಮತ್ತು ಅವರ ನಾಯಿಗಳು.

ಆರನೆಯ ದಿನ ಸಂಜೆ, ಮುದ್ದೆ ತಿರುವುತ್ತಿದ್ದಾಗ ಫೋನ್ ಬಂತು. ಮಗಳು ಏನು ಕೇಳುತ್ತಾಳೆ ಎಂದು ಅವನಿಗೆ ಗೊತ್ತಿತ್ತು. "ಬರ್ಕೋ ಪುಟ್ಟಿ. ಹಿಮ ಮೊಣಕಾಲುದ್ದ. ದಾರಿ ಮುಚ್ಚೋಗಿತ್ತು. ಈಗ ಎಲ್ಲಾ ಸರಿ, ಎಲ್ರೂ ಚೆನ್ನಾಗಿದೀವಿ." ಅವಳು ಅಕ್ಷರ ಬಿಡದೆ ಬರೆದುಕೊಂಡಳು. 'ಎಲ್ರೂ ಚೆನ್ನಾಗಿದೀವಿ' ಎಂಬುದರ ಕೆಳಗೆ ಎರಡು ಗೆರೆ ಎಳೆದಳು.

ಮೋಡ ಕಾಯುವ ಕ್ಯಾಮೆರಾಗೆ ಸಿಕ್ಕ ಕೆಂಪು

ಹಾನ್ಲೆಯ ಆಕಾಶ ನೋಡುವ ಕ್ಯಾಮೆರಾದ ಒಂದು ಕಥೆಯನ್ನು ಹೇಳದಿದ್ದರೆ ಈ ಲೇಖನ ಅಪೂರ್ಣ. 2023ರ ಏಪ್ರಿಲ್ 22ರ ರಾತ್ರಿ ಕಳೆದು 23 ಹುಟ್ಟುವ ಹೊತ್ತಿನಲ್ಲಿ ಆ ಕ್ಯಾಮೆರಾ ಉತ್ತರದ ಅಂಚಿನಲ್ಲಿ ಕೆಂಪು ಬೆಳಕೊಂದನ್ನು ಹಿಡಿಯಿತು. ಅದು ಬೆಂಕಿಯಲ್ಲ, ಊರಿನ ದೀಪವಲ್ಲ. ಅದು ಧ್ರುವಪ್ರಭೆ! ಸೂರ್ಯನಲ್ಲಿ ಎದ್ದ ಬಿರುಗಾಳಿಯ ಕಣಗಳು ಭೂಮಿಯ ಕಾಂತಕ್ಷೇತ್ರವನ್ನು ಅಲುಗಾಡಿಸಿದಾಗ, 200 ಕಿಲೋಮೀಟರಿಗೂ ಮೇಲಿರುವ ಆಮ್ಲಜನಕ ಕೆಂಪಗೆ ಹೊಳೆಯುತ್ತದೆ. ಸಾಮಾನ್ಯವಾಗಿ ನಾರ್ವೆ, ಅಲಾಸ್ಕದಂಥ ಧ್ರುವದ ಹತ್ತಿರದ ನಾಡುಗಳಲ್ಲಿ ಕಾಣುವ ನೋಟ ಇದು. 2024ರ ಮೇ 10ರ ರಾತ್ರಿ ಇನ್ನೂ ದೊಡ್ಡ ಸೌರ ಬಿರುಗಾಳಿ ಎದ್ದಾಗ ಹಾನ್ಲೆಯ ಆಕಾಶ ಮತ್ತೆ ಕೆಂಪೇರಿತು.

ಅಷ್ಟು ಮಂದ ಬೆಳಕು ಕಾಣಬೇಕಾದರೆ ರಾತ್ರಿ ನಿಜವಾದ ರಾತ್ರಿಯಾಗಿರಬೇಕು. 2022ರ ಡಿಸೆಂಬರಿನಲ್ಲಿ ಹಾನ್ಲೆಯ ಸುತ್ತಲಿನ ಪ್ರದೇಶವನ್ನು ಕತ್ತಲ ಆಕಾಶದ ಮೀಸಲು ಪ್ರದೇಶವೆಂದು ಅಧಿಕೃತವಾಗಿ ಘೋಷಿಸಿದರು. ಭಾರತದಲ್ಲಿ ಇದೇ ಮೊದಲು. ಅಲ್ಲಿನ ಮನೆಗಳ ದೀಪದ ಬೆಳಕು ಮೇಲಕ್ಕೆ ಹೋಗದಂತೆ ಮರೆ ಮಾಡುತ್ತಾರೆ. ಊರಿನ ಯುವಕ ಯುವತಿಯರೇ ಪುಟ್ಟ ದೂರದರ್ಶಕ ಇಟ್ಟು ಬಂದವರಿಗೆ ಆಕಾಶ ತೋರಿಸುತ್ತಾರೆ. ನಾನು ಚಿಕ್ಕವಳಿದ್ದಾಗ ನಮ್ಮ ಕಣದಲ್ಲಿ ಮಲಗಿ ನೋಡುತ್ತಿದ್ದ ಆಕಾಶಗಂಗೆ ಈಗ ದೇವನಹಳ್ಳಿಯ ದೀಪಗಳಲ್ಲಿ ಕರಗಿಹೋಗಿದೆ. ಮೊಮ್ಮಗಳು ಅದನ್ನು ಮೊದಲು ನೋಡಿದ್ದು ಹಾನ್ಲೆಯ ಚಿತ್ರದಲ್ಲಿ.

ನೀವೂ ನೋಡಿ

ಇದಕ್ಕೆ ದುಡ್ಡು ಬೇಡ. ಭಾರತ ಹವಾಮಾನ ಇಲಾಖೆಯ ಜಾಲತಾಣದಲ್ಲಿ ಇನ್ಸಾಟ್ ಚಿತ್ರಗಳನ್ನು ಯಾರು ಬೇಕಾದರೂ ನೋಡಬಹುದು. ನಾಸಾದ 'ವರ್ಲ್ಡ್‌ವ್ಯೂ' ತಾಣದಲ್ಲಿ ಇನ್ನೂ ಕೆಳಗೆ ಹಾರುವ ಉಪಗ್ರಹಗಳ ಚಿತ್ರಗಳು ಸಿಗುತ್ತವೆ. ಅವುಗಳಲ್ಲಿ ಹೆಚ್ಚು ಸಣ್ಣ ವಿವರಗಳು ಕಾಣುತ್ತವೆ. ಒಂದು ವಿಷಯ ನೆನಪಿಡಿ: ಚಿತ್ರದ ಮೇಲೆ ಬರೆದಿರುವ ಸಮಯ ಗ್ರೀನಿಚ್ ಸಮಯ. ಅದಕ್ಕೆ ಐದೂವರೆ ಗಂಟೆ ಕೂಡಿಸಿದರೆ ನಮ್ಮ ಗಡಿಯಾರ. 6.30 ಎಂದಿದ್ದರೆ ನಮ್ಮಲ್ಲಿ ಮಧ್ಯಾಹ್ನ 12.

ಚಳಿಗಾಲದಲ್ಲಿ ಲಡಾಖಿನ ಪ್ಯಾಂಗಾಂಗ್ ಮತ್ತು ತ್ಸೋ ಮೊರಿರಿ ಸರೋವರಗಳನ್ನು ಹುಡುಕಿ. ಹೆಪ್ಪುಗಟ್ಟಿ ಬೆಳ್ಳಗಿರುತ್ತವೆ. ಬೇಸಿಗೆ ಹತ್ತಿರವಾದಂತೆ ಒಂದು ದಿನ ಆ ಬಿಳಿ ಒಡೆದು ಕಡು ನೀಲಿ ಕಾಣಿಸುತ್ತದೆ. ಆ ದಿನಾಂಕವನ್ನು ಬರೆದಿಡಿ. ಮುಂದಿನ ವರ್ಷ ಮತ್ತೆ ಬರೆಯಿರಿ. ಬಲಗಡೆ ಕಾಲಂಗೆ ಲಡಾಖಿನಲ್ಲಿ ಯಾರೂ ಇಲ್ಲವೇ? ನಿಮ್ಮ ಊರನ್ನೇ ಇಟ್ಟುಕೊಳ್ಳಿ. ಚಿತ್ರದಲ್ಲಿ ನೆಲಮಂಗಲದ ಮೇಲೆ, ದೊಡ್ಡಬಳ್ಳಾಪುರದ ಮೇಲೆ ಏನಿದೆ ನೋಡಿ, ಆಮೇಲೆ ಅಂಗಳಕ್ಕೆ ಬಂದು ತಲೆಯೆತ್ತಿ ನೋಡಿ. ಅಜ್ಜಿ, ತಾತ ಮಂಡಿ ನೋವು ಎಂದು ಕೂತಿದ್ದರೆ ಅವರನ್ನೂ ಎಬ್ಬಿಸಿಕೊಂಡು ಬನ್ನಿ. ಮೋಡದ ಬಣ್ಣ ನೋಡಿ ಮಳೆ ಹೇಳುವುದರಲ್ಲಿ ಅವರು ನಿಮಗಿಂತ ಪಳಗಿದವರು.

ರಾತ್ರಿಯಾದರೆ ಉತ್ತರಕ್ಕೆ ಮುಖ ಮಾಡಿ ಧ್ರುವ ನಕ್ಷತ್ರ ಹುಡುಕಿ. ಕೈ ಚಾಚಿ ಮುಷ್ಟಿ ಹಿಡಿದರೆ ಅದರ ಅಗಲ ಸುಮಾರು 10 ಡಿಗ್ರಿ. ನಮ್ಮಲ್ಲಿ ಆ ನಕ್ಷತ್ರ ದಿಗಂತದಿಂದ 13 ಡಿಗ್ರಿ ಮೇಲೆ, ಅಂದರೆ ಒಂದು ಮುಷ್ಟಿಗಿಂತ ತುಸು ಎತ್ತರದಲ್ಲಿ ಇರುತ್ತದೆ. ಅದೇ ಹೊತ್ತಿಗೆ ಹಾನ್ಲೆಯಲ್ಲಿ ನಿಂತವರಿಗೆ ಅದು ಮೂರು ಮುಷ್ಟಿಗೂ ಮೇಲೆ ಕಾಣುತ್ತದೆ. ಎಷ್ಟು ಮುಷ್ಟಿ ಬಂತು ಎಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ.